ನಾನು ಓದದೆ ಬಿಟ್ಟ ಪುಟಗಳು

ಮಿರಜದ ರೈಲು ನಿಲ್ದಾಣದ ರಸ್ತೆಯಲ್ಲಿ ಒಂದು ರದ್ದಿ ಅಂಗಡಿ ಇದೆ. ಅಲ್ಲಿ ಕನ್ನಡ ಕಾದಂಬರಿಗಳು ತೂಕದ ಮೇಲೆ ಸಿಗುತ್ತವೆ. ಅವು ಅಲ್ಲಿಗೆ ಬರುವ ದಾರಿ ನನಗೆ ಗೊತ್ತು. ಅಥಣಿ, ವಿಜಯಪುರ, ಬಾಗಲಕೋಟೆ ಕಡೆಯ ಜನ ಮಿರಜದ ದವಾಖಾನೆಗಳಿಗೆ ಬರುತ್ತಾರೆ. ಒಬ್ಬರು ಒಳಗೆ ಮಲಗಿದರೆ ಇಬ್ಬರು ಹೊರಗೆ ಕಾಯುತ್ತಾರೆ. ಕಾಯುವವರಲ್ಲಿ ಯಾರೋ ಒಬ್ಬರು ಬಸ್ಸು ಹತ್ತುವ ಮೊದಲು ಒಂದು ಕಾದಂಬರಿ ಕೊಂಡಿರುತ್ತಾರೆ. ಊರಿಗೆ ಮರಳುವಾಗ ಗಂಟಿನಲ್ಲಿ ಅದಕ್ಕೆ ಜಾಗವಿರುವುದಿಲ್ಲ, ಅಥವಾ ಅದನ್ನು ಮನೆಗೆ ಒಯ್ಯುವ ಮನಸ್ಸಿರುವುದಿಲ್ಲ. ಲಾಡ್ಜಿನವರು ಹಳೆಯ ಪೇಪರಿನ ಜೊತೆ ಅದನ್ನೂ ಕಟ್ಟಿ ರದ್ದಿಗೆ ಹಾಕುತ್ತಾರೆ.

ಹೀಗಾಗಿ ಆ ಪುಸ್ತಕಗಳ ಕೊನೆಯ ಹಾಳೆಯಲ್ಲಿ ಬೇರೆಯವರ ಬರಹ ಇರುತ್ತದೆ. "ಬಿಳಿ ಗುಳಿಗಿ ಮುಂಜಾನೆ, ಕೆಂಪು ಊಟಾದ ಮ್ಯಾಲೆ." "ರಕ್ತದ ರಿಪೋರ್ಟ ನಾಲ್ಕಕ್ಕೆ." ಪುಟಗಳ ಮೂಲೆ ಮಡಚಿರುತ್ತದೆ, ಒಂದೇ ಪುಸ್ತಕದಲ್ಲಿ ಇಪ್ಪತ್ತು ಮೂವತ್ತು ಕಡೆ. ಒಳಗಿನಿಂದ ಹೆಸರು ಕೂಗಿದಾಗಲೆಲ್ಲ ಎದ್ದು ಹೋದದ್ದರ ಗುರುತು. ನಾನು ಇದನ್ನೆಲ್ಲ ವರ್ಷಗಟ್ಟಲೆ ನೋಡಿದ್ದೆ. ನೋಡಿ, ಇಂಥ ಕಸ ಓದುವ ಜನ ಇದ್ದಾರಲ್ಲ ಎಂದುಕೊಂಡು ಬದಿಗಿಡುತ್ತಿದ್ದೆ.

ನಾನು ಕನ್ನಡದಲ್ಲಿ ಎಂ.ಎ. ಮಾಡಿದವಳು. ನಮ್ಮ ಮನೆತನದಲ್ಲಿ ಹತ್ತನೆಯ ಇಯತ್ತೆ ದಾಟಿದವಳು ನಾನೊಬ್ಬಳೇ. ಇದನ್ನು ಹೇಳುವಾಗ ನನಗೆ ನಾಚಿಕೆಯಿಲ್ಲ, ವಿನಯವೂ ಇಲ್ಲ. ಪುಕ್ಕಟೆ ಬಂದದ್ದಲ್ಲ. ಸಾಂಗಲಿಯ ಒಂದು ಕಾಲೇಜಿನಲ್ಲಿ ತಾಸಿನ ಲೆಕ್ಕದ ಮೇಲೆ ಕಲಿಸುತ್ತೇನೆ. ತಾಸು ಇದ್ದರೆ ಪಗಾರ, ಇಲ್ಲದಿದ್ದರೆ ಇಲ್ಲ. ಪ್ರತಿ ವರ್ಷ ಹೊಸದಾಗಿ ಅರ್ಜಿ, ಹೊಸದಾಗಿ ಸಂದರ್ಶನ, ಅದೇ ನಾಲ್ಕು ಜನ ನನ್ನನ್ನು ಮೊದಲ ಸಲ ನೋಡಿದಂತೆ ಹೆಸರು ಕೇಳುತ್ತಾರೆ. ಕನ್ನಡ ತೆಗೆದುಕೊಳ್ಳುವ ಮಕ್ಕಳು ವರ್ಷ ವರ್ಷಕ್ಕೆ ಕಡಿಮೆ. ಪರೀಕ್ಷೆ ಮುಗಿದು ಏಪ್ರಿಲ್ ಬಂತೆಂದರೆ ಜೂನ್ ಕೊನೆಯವರೆಗೆ ನಾನು ಯಾರೂ ಅಲ್ಲ. ಆ ತಿಂಗಳುಗಳಲ್ಲಿ ನಮ್ಮೂರು ಸಲಗರೆಗೆ ಹೋಗಿ ಅಕ್ಕನ ಜೊತೆ ಬೇದಾಣೆ ಶೆಡ್ಡಿನಲ್ಲಿ ಕೂರುತ್ತೇನೆ. ಒಣದ್ರಾಕ್ಷಿಗೆ ನಮ್ಮ ಕಡೆ ಬೇದಾಣೆ ಎನ್ನುತ್ತಾರೆ. ಅದರೊಳಗಿನ ಕಡ್ಡಿ, ತೊಟ್ಟು, ಕರಿಯ ಕಾಳು ಆರಿಸಿ ತೆಗೆಯುವುದು ನಮ್ಮ ಕೆಲಸ.

ಅಕ್ಕ ಮೂರನೆಯ ಇಯತ್ತೆಗೆ ಶಾಲೆ ಬಿಟ್ಟಳು. ಅವ್ವ ದ್ರಾಕ್ಷಿ ತೋಟಕ್ಕೆ ಕೂಲಿಗೆ ಹೋಗಬೇಕಿತ್ತು, ಮನೆಯಲ್ಲಿ ಅಜ್ಜಿ ಹಾಸಿಗೆ ಹಿಡಿದಿದ್ದಳು, ಇಬ್ಬರು ಹುಡುಗಿಯರಲ್ಲಿ ಒಬ್ಬಳು ಮನೆ ಹಿಡಿಯಬೇಕಾಯಿತು. ಅಕ್ಕ ನನಗಿಂತ ಜಾಣೆ. ಇದು ನಾನು ಒಳ್ಳೆಯವಳು ಅನ್ನಿಸಿಕೊಳ್ಳಲು ಹೇಳುವ ಮಾತಲ್ಲ, ಶಾಲೆಯ ಗುರುಗಳೇ ಮನೆಗೆ ಬಂದು ಹೇಳಿದ್ದರು. ಆದರೂ ಬಿಟ್ಟವಳು ಅವಳೇ. "ಸಣ್ಣಾಕಿ ಹೋಗ್ಲಿ, ನನಗ ಶಾಲಿ ಬ್ಯಾಸರ ಬಂದೈತಿ" ಎಂದಳು. ಬೇಸರ ಬಂದಿರಲಿಲ್ಲ. ಕನ್ನಡ ಅಕ್ಷರಗಳು ಅವಳಿಗೆ ಈಗ ಮರೆತುಹೋಗಿವೆ. ಮರಾಠಿ ಬೋರ್ಡು ಕೂಡಿಸಿ ಓದುತ್ತಾಳೆ, ಬಸ್ಸು ಹಿಡಿಯಲು ಬೇಕಾದಷ್ಟು.

ಅವಳು ಬಿಟ್ಟ ಶಾಲೆಯನ್ನೂ ಸೇರಿಸಿ ಇಬ್ಬರ ಪಾಲಿನದನ್ನು ನಾನು ಓದಿದೆ ಎಂದು ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ಹಾಗಾದರೆ ಅದರಲ್ಲಿ ಅವಳ ಪಾಲು ಅವಳಿಗೆ ಮುಟ್ಟಿತೇ? ನಾನು ಓದಿ ಕಂಡ ಒಳ್ಳೆಯ ಪುಸ್ತಕ ಒಂದಾದರೂ ಅವಳ ಕಿವಿಗೆ ಬಿದ್ದು, ಅವಳಿಗೆ ಸೇರಿ, ತಾನು ಶಾಲೆ ಬಿಟ್ಟದ್ದು ದಂಡವಾಗಲಿಲ್ಲ ಎಂದು ಅವಳಿಗೆ ಅನ್ನಿಸಬೇಕು. ನನಗೆ ಬೇಕಿದ್ದದ್ದು ಇಷ್ಟೇ. ಓದುಗರ ಅಭಿರುಚಿ, ಸಾಹಿತ್ಯದ ಭವಿಷ್ಯ, ಅವೆಲ್ಲ ವಿಚಾರ ಸಂಕಿರಣಗಳ ಮಾತು. ಅವನ್ನು ನಾನೂ ಆಡಿದ್ದೇನೆ, ಅವಲಕ್ಕಿ ತಿಂದು ಪ್ರಮಾಣಪತ್ರ ತೆಗೆದುಕೊಂಡು ಬಂದಿದ್ದೇನೆ.

ಶೆಡ್ಡಿನಲ್ಲಿ ನಾವು ಹನ್ನೆರಡು ಹೆಂಗಸರು. ಎಲ್ಲರ ಮನೆಮಾತು ಕನ್ನಡ, ಆದರೆ ನಾವಿಬ್ಬರನ್ನು ಬಿಟ್ಟರೆ ಓದಿದಷ್ಟು ಮರಾಠಿಯಲ್ಲೇ ಓದಿದವರು. ಕನ್ನಡ ಪುಸ್ತಕ ಕೈಗೆ ಕೊಟ್ಟರೆ ತಿರುಗಿಸಿ ಚಿತ್ರ ಇದೆಯೇ ನೋಡುತ್ತಾರೆ. ಮೊದಲು ಯಾರಾದರೂ ಫೋನಿನಲ್ಲಿ ಕನ್ನಡ ಕಥೆ ಹಚ್ಚುತ್ತಿದ್ದರು. ಅದು ಯಾರಿಗೂ ಸೇರಲಿಲ್ಲ. ಎಲ್ಲರಿಗಿಂತ ಹಿರಿಯಳಾದ ಮುದುಕಿ ಒಬ್ಬಳಿದ್ದಾಳೆ, ಎಲ್ಲರೂ ಮಾವಶಿ, ಅಂದರೆ ಚಿಕ್ಕವ್ವ, ಎಂದೇ ಕರೆಯುತ್ತೇವೆ. ಅವಳ ತಕರಾರು ಇಷ್ಟು: "ಅದಕ್ಕ ತಡಿ ಅಂದ್ರ ತಡಿಯೂದಿಲ್ಲ. ನಾ ನೀರ ಕುಡದ ಬರೂದ್ರಾಗ ಯಾರರೆ ಸತ್ತಿರ್ತಾರ. ಯಾರ ಸತ್ರು ಅಂತ ಹೇಳೂದೂ ಇಲ್ಲ."

ಆಗ ಅಕ್ಕ ಎಂದಳು, "ನಮ್ಮ ತಂಗಿ ಓದ್ತಾಳ. ಓದಿ ಹೇಳೂದ ಆಕಿ ಕೆಲಸ."

"ಆಕಿ ಓದಕೋತ ಕುಂತ್ರ ಆಕಿ ಬೇದಾಣಿ ಯಾರ ಆರಸೂದು?" ಎಂದಳು ಮಾವಶಿ.

"ಎಲ್ಲಾರೂ ಒಂದೊಂದ ಬೊಗಸಿ ಆಕಿ ಪರಾತಕ್ಕ ಹಾಕೂನು. ಆರಿಸಿದ್ದನ್ನ. ಓದೂದು ಚಲೋ ಅನಸಲಿಲ್ಲಂದ್ರ ಎಲ್ಲಾರ ಬೊಗಸಿನೂ ನಾನ ಹಾಕತೀನಿ."

ಹೀಗೆ ಅಕ್ಕ ನನ್ನ ಪರವಾಗಿ ಮಾತು ಕೊಟ್ಟಳು. ನಾನು ಗೋಡೆಗೆ ಒರಗಿ ಕೂತು ಓದುವುದು, ಉಳಿದವರು ತಲೆ ಬಗ್ಗಿಸಿ ಆರಿಸುತ್ತ ಕೇಳುವುದು, ಸಂಜೆ ಒಬ್ಬೊಬ್ಬರಾಗಿ ಎದ್ದು ಬಂದು ನನ್ನ ಪರಾತದಲ್ಲಿ, ಆ ಅಗಲ ತಟ್ಟೆಯಲ್ಲಿ, ಬೊಗಸೆ ಸುರಿಯುವುದು. ಶೆಡ್ಡಿನ ಮಾಲಕರು ಕನ್ನಡ ಮನೆಮಾತಿನ ಜೈನರು, ನಾವು ಅಣ್ಣಾ ಎನ್ನುತ್ತೇವೆ. ಹೊತ್ತು ಮುಳುಗುವ ಮೊದಲೇ ಉಣ್ಣುವ ಮನೆ, ಹಾಗಾಗಿ ಶೆಡ್ಡೂ ಬೆಳಕಿರುವಾಗಲೇ ಬಂದ್. ಅವರು ಮೊದಲ ದಿನ ಬಾಗಿಲಲ್ಲಿ ನಿಂತು ನೋಡಿ, "ಕೈ ನಡದಾವಲ್ಲ, ಸಾಕು. ಬಾಯಿ ಏನರೆ ಮಾಡ್ರಿ" ಎಂದು ಹೋದರು.

ನಾನು ಮೊದಲು ತೆಗೆದದ್ದು ನನ್ನ ಮೆಚ್ಚಿನ ಪುಸ್ತಕ. ಹೆಸರು ಹೇಳುವುದಿಲ್ಲ. ಅದನ್ನು ನಾನು ಆರು ವರ್ಷ ಪಾಠ ಮಾಡಿದ್ದೇನೆ. ಅದರ ಒಂದು ವಾಕ್ಯಕ್ಕಾಗಿ ಹಾಸ್ಟೆಲಿನಲ್ಲಿ ಒಂದು ಸಲ ಊಟ ಬಿಟ್ಟು ಕೂತಿದ್ದೆ. ಸಾಮಾನ್ಯ ಹೆಂಗಸಿನ ಸಾಮಾನ್ಯ ದಿನಗಳ ಕಥೆ, ಕೂಗಾಟವಿಲ್ಲ, ಒಂದು ಪದ ಹೆಚ್ಚಿಲ್ಲ. ಇದು ನಮ್ಮವರದೇ ಕಥೆ, ಇವರಿಗೆ ಸೇರದೆ ಯಾರಿಗೆ ಸೇರುತ್ತದೆ ಎಂದುಕೊಂಡೆ. ಒಂದು ಅಕ್ಷರ ಬದಲಿಸದೆ ಓದಿದೆ. ಅಂಥ ಪುಸ್ತಕದ ಮಾತನ್ನು ಬದಲಿಸುವುದು ನನಗೆ ಪಾಪ ಅನ್ನಿಸುತ್ತಿತ್ತು.

ಎರಡು ಪುಟ ಆಗುವಷ್ಟರಲ್ಲಿ ಕೈಗಳು ನಿಂತವು. ಮೊದಲು ನನಗೆ ಸಂತೋಷವಾಯಿತು. ಕಥೆ ಹಿಡಿದಿದೆ ಎಂದುಕೊಂಡೆ. ಆಮೇಲೆ ಅಕ್ಕನ ಮುಖ ನೋಡಿದೆ. ಅವಳು ಹುಬ್ಬು ಗಂಟಿಕ್ಕಿ, ತುಟಿ ಬಿಗಿದು, ತುಂಬ ಕಷ್ಟದ ಲೆಕ್ಕ ಮಾಡುವವಳ ಹಾಗೆ ಕೇಳುತ್ತಿದ್ದಳು. ಆರಿಸುವುದು ಬಿಟ್ಟು ಕೇಳಿದರೆ ಮಾತ್ರ ಅದು ತಿಳಿಯುತ್ತಿತ್ತು. ಆರಿಸತೊಡಗಿದರೆ ಕೈ ತಪ್ಪುತ್ತಿತ್ತು, ಕಡ್ಡಿ ಹಾಗೇ ಉಳಿಯುತ್ತಿತ್ತು. ನಡುವೆ ಯಾರೋ ಕೆಮ್ಮಿದರು, ಹೊರಗೆ ಟೆಂಪೋ ಬಂತು, ಕ್ರೇಟು ಇಳಿಸಿದ ಸದ್ದಾಯಿತು. ಅಷ್ಟರಲ್ಲಿ ಒಂದು ವಾಕ್ಯ ಹೋಯಿತು. ಆ ಪುಸ್ತಕದಲ್ಲಿ ಒಂದು ವಾಕ್ಯ ಹೋದರೆ ಮುಂದಿನದು ಬಾಗಿಲು ತೆರೆಯುವುದಿಲ್ಲ.

ಮೂರು ದಿನ ಓದಿದೆ. ಮೂರನೆಯ ದಿನ ಸಂಜೆ ಎಲ್ಲರೂ ಬೊಗಸೆ ಹಾಕಿದರು, ಒಬ್ಬರೂ ತಪ್ಪಿಸಲಿಲ್ಲ. ಮಾವಶಿ ಮಾತ್ರ ಹೇಳಿದಳು, "ಚಲೋ ಐತಿ ತಂಗಿ, ಭಾಳ ಚಲೋ ಐತಿ. ನಾಳಿಗಿ ಬ್ಯಾರೇದ ತಾ."

ಮರುದಿನ ರದ್ದಿ ಅಂಗಡಿಯ ಕಟ್ಟಿನಿಂದ ಒಂದನ್ನು ತಂದೆ. ಇದರ ಹೆಸರೂ ಹೇಳುವುದಿಲ್ಲ, ಹೇಳಿದರೂ ಅಂಥವು ನೂರು ಸಿಗುತ್ತವೆ. ಬಡ ಮನೆಯ ಹುಡುಗಿ ಸಿರಿವಂತರ ಮನೆಗೆ ಸೊಸೆಯಾಗಿ ಹೋಗುತ್ತಾಳೆ. ತೌರಿನಿಂದ ಹೊರಡುವಾಗ ತಾಯಿ ಅವಳ ಟ್ರಂಕಿನಲ್ಲಿ ಒಂದು ಮುಚ್ಚಿದ ಪತ್ರ ಇಟ್ಟು, "ಇನ್ನು ತಾಳಲಾರೆ ಎನಿಸಿದ ದಿನ ಮಾತ್ರ ಒಡೆದು ಓದು" ಎನ್ನುತ್ತಾಳೆ. ಅತ್ತೆ ಕಾಡುತ್ತಾಳೆ, ಗಂಡ ಮೂಕ, ನಾದಿನಿ ಕಳ್ಳಿ. ಪ್ರತಿ ಅಧ್ಯಾಯದ ಮೊದಲಿಗೆ ಹಿಂದಿನ ಅಧ್ಯಾಯದಲ್ಲಿ ನಡೆದದ್ದನ್ನೇ ಮತ್ತೆ ಹೇಳುತ್ತದೆ. ಪ್ರತಿ ಅಧ್ಯಾಯದ ಕೊನೆಗೆ ಹುಡುಗಿ ಟ್ರಂಕು ತೆರೆಯುತ್ತಾಳೆ, ಪತ್ರ ಮುಟ್ಟುತ್ತಾಳೆ, ಇಂದು ಬೇಡ ಎಂದುಕೊಳ್ಳುತ್ತಾಳೆ, ಟ್ರಂಕು ಮುಚ್ಚುತ್ತಾಳೆ. ಆಮೇಲೆ ಅವಳ ಕಣ್ಣಿನಿಂದ ಅಶ್ರುಧಾರೆ ಹರಿಯುತ್ತದೆ. ನಾಲ್ಕು ಪುಟಕ್ಕೊಮ್ಮೆ ಹರಿಯುತ್ತದೆ. ಅದೇ ಶಬ್ದಗಳಲ್ಲಿ.

ಶೆಡ್ಡು ಎದ್ದು ಕೂತಿತು. ಪುಸ್ತಕದ ಕನ್ನಡ ಬೆಂಗಳೂರು ಕಡೆಯದು, ನಾನು ಓದುತ್ತ ಓದುತ್ತಲೇ ಅದನ್ನು ನಮ್ಮ ಮಾತಿಗೆ ತಿರುಗಿಸುತ್ತಿದ್ದೆ. ಈ ಪುಸ್ತಕಕ್ಕೆ ಹಾಗೆ ಮಾಡಲು ನನಗೆ ಯಾವ ಹೆದರಿಕೆಯೂ ಇರಲಿಲ್ಲ. ಅತ್ತೆ ಬಂದಳೆಂದರೆ ಬೈಗುಳ. ಗಂಡ ಬಂದನೆಂದರೆ ನಗು.

"ಈಗರೆ ಬಾಯಿ ತಗದನೇನ?" ಎಂದಳು ಒಬ್ಬಳು.

"ಇಲ್ಲ. ಕಿಡಕಿಯಾಚೆ ನೋಡಿದ" ಎಂದೆ.

"ನಮ್ಮನ್ಯಾವನೂ ಹಂಗ. ಕುಪವಾಡದ ಫ್ಯಾಕ್ಟರ್ಯಾಗ ಎಂಟ ತಾಸ ಮಿಷನ್ನಿನ ಜೋಡಿ ಮಾತಾಡ್ತಾನ, ಮನಿಗಿ ಬಂದ್ರ ಕಿಡಕಿ ನೋಡ್ತಾನ."

ಹುಡುಗಿ ಟ್ರಂಕಿನ ಹತ್ತಿರ ಹೋದಳೆಂದರೆ ಮಾವಶಿ ಕತ್ತೆತ್ತದೆ ಕೇಳುತ್ತಿದ್ದಳು, "ಹರೀತ?" ನಾನು ಮುಂದಿನ ವಾಕ್ಯ ಓದುವ ಮೊದಲೇ ಎಲ್ಲರೂ ಕೂಡಿ, "ಹರೀತು" ಎನ್ನುತ್ತಿದ್ದರು. ಕೈಗಳು ಒಂದು ಕ್ಷಣವೂ ನಿಲ್ಲುತ್ತಿರಲಿಲ್ಲ.

ನನಗೆ ಸುಸ್ತಾಗುತ್ತಿತ್ತು. ಓದಿನ ಸುಸ್ತಲ್ಲ, ತಾಸುಗಟ್ಟಲೆ ಓದುವುದು ನನಗೆ ರೂಢಿ. ಸುಳ್ಳು ಮಾತನ್ನು ನನ್ನ ಬಾಯಿಂದ ಮತ್ತೆ ಮತ್ತೆ ಆಡುವ ಸುಸ್ತು. ಅದೂ ಅಕ್ಕನ ಎದುರು. ಅವಳು ನಗುತ್ತಿದ್ದಳು, ಬೈಯುತ್ತಿದ್ದಳು, ಮನೆಗೆ ಹೋಗುವಾಗ ಆ ನಾದಿನಿಯ ಬಗ್ಗೆ ಮಾತಾಡುತ್ತಿದ್ದಳು. ಇಷ್ಟು ಓದಿಸಿದ ಮೇಲೆ ನಾನು ಅವಳಿಗೆ ತಂದು ಕೊಟ್ಟದ್ದು ಇದೇ ಏನು ಎಂದು ಕೇಳಿಕೊಳ್ಳುತ್ತಿದ್ದೆ.

ಒಂದು ವಾರದ ಮೇಲೆ ನಾನು ಪುಟ ಬಿಟ್ಟು ಓದಲು ಶುರು ಮಾಡಿದೆ. ಮೊದಲು ಅಧ್ಯಾಯದ ಆರಂಭದ ಪುನರುಕ್ತಿ ಬಿಟ್ಟೆ. ಯಾರೂ ಏನೂ ಅನ್ನಲಿಲ್ಲ. ಆಮೇಲೆ ಟ್ರಂಕು ಬಿಟ್ಟೆ. ಪತ್ರ ಬಿಟ್ಟೆ. ಅಶ್ರುಧಾರೆಯನ್ನು ಹತ್ತು ಸಲ ಬಿಟ್ಟು ಒಂದು ಸಲ ಉಳಿಸಿದೆ. ವಿದ್ಯಾರ್ಥಿಗಳ ಪ್ರಬಂಧಕ್ಕೆ ಕೆಂಪು ಗೆರೆ ಹಾಕುವ ಹಾಗೆ ಕಣ್ಣಿನಲ್ಲೇ ಗೆರೆ ಹಾಕುತ್ತ, ಎರಡೆರಡು ಹಾಳೆ ಕೂಡಿಸಿ ತಿರುವುತ್ತ ಓದಿದೆ. ಒಳ್ಳೆಯ ಕೆಲಸ ಮಾಡುತ್ತಿದ್ದೇನೆ ಎಂದೇ ಅನ್ನಿಸುತ್ತಿತ್ತು. ಹೀಗೆ ಚೊಕ್ಕ ಮಾಡಿದ ಕಥೆ ಕೇಳಿ ಕೇಳಿ ಅವರ ಕಿವಿ ಹದವಾಗಲಿ, ಆಮೇಲೆ ನನ್ನ ಪುಸ್ತಕ ಮತ್ತೆ ತರುತ್ತೇನೆ ಎಂಬ ಲೆಕ್ಕ ನನ್ನದು.

ಆ ದಿನಗಳಲ್ಲಿ ಶೆಡ್ಡು ಮೆಲ್ಲಗೆ ತಣ್ಣಗಾಯಿತು. ಮಾವಶಿ "ಹರೀತ?" ಎಂದು ಕೇಳುವುದು ನಿಂತಿತು. ಒಬ್ಬಳು ಎದ್ದು ಹೊರಗೆ ಹೋಗಿ ಬಂದರೆ ಪಕ್ಕದವಳನ್ನು "ಎಲ್ಲಿಗಿ ಬಂತ?" ಎನ್ನುತ್ತಿದ್ದಳು, ಪಕ್ಕದವಳು "ಗೊತ್ತಿಲ್ಲ ಯವ್ವಾ" ಎನ್ನುತ್ತಿದ್ದಳು. ನಾನು ಅದನ್ನು ಕೇಳಿಸಿಕೊಂಡೆ, ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಕೊನೆಯ ಅಧ್ಯಾಯ ಬಂತು. ಅತ್ತೆ ಹುಡುಗಿಯನ್ನು ಅಂಗಳಕ್ಕೆ ತಳ್ಳುತ್ತಾಳೆ. ಹುಡುಗಿ ಒಳಗೆ ಹೋಗಿ ಟ್ರಂಕು ತೆರೆದು ಪತ್ರ ಒಡೆಯುತ್ತಾಳೆ. ಅದರಲ್ಲಿ ಒಂದೇ ಸಾಲು. "ಮಗಳೇ, ನೀನು ಹೊರಟ ದಿನದಿಂದ ನಮ್ಮ ಮನೆಯ ಬಾಗಿಲಿಗೆ ಚಿಲಕ ಹಾಕಿಲ್ಲ, ಎದ್ದು ಬಾ." ನಾನು ಓದಿ ನಿಲ್ಲಿಸಿದೆ.

ಕಾಳುಗಳು ಪರಾತಕ್ಕೆ ಬೀಳುವ ಸಣ್ಣ ಸದ್ದು ಕೇಳುತ್ತಿತ್ತು.

"ಯಾವ ಪತ್ರ?" ಎಂದಳು ಮಾವಶಿ.

"ತಾಯಿ ಕೊಟ್ಟಿದ್ದಲ್ಲ, ಮೊದಲಿಗಿ."

"ಹಾಂ. ಕೊಟ್ಟಿದ್ದಳು ಅಂತ ಕಾಣಸ್ತೈತಿ." ಅವಳು ಒಂದು ಕಡ್ಡಿ ಆರಿಸಿ ಬದಿಗೆ ಹಾಕಿದಳು. "ಅದ್ರಾಗ ಏನ ಐತಿ ಅಂತ ಇಷ್ಟ ದಿನ ಓದಿದಿ? ಖೊಟ್ಟಿ ಪುಸ್ತಕ ತಂದಿ ತಂಗಿ."

ಸಂಜೆ ಬೊಗಸೆ ಬಿದ್ದವು, ಆದರೆ ಸಣ್ಣ ಬೊಗಸೆ. ಅಕ್ಕ ತನ್ನದು ಹಾಕಿದಳು. ಆಮೇಲೆ ಇನ್ನೊಂದು ಹಾಕಿದಳು, ಇನ್ನೊಂದು. ಯಾರೂ ಕೇಳಿರಲಿಲ್ಲ. ತಾನು ಆಡಿದ ಮಾತಿಗೆ ತಾನೇ ನಿಲ್ಲುತ್ತಿದ್ದಳು.

ಮನೆಗೆ ಹೋಗುವ ಕಾಲುದಾರಿಯಲ್ಲಿ ಅವಳು ಮುಂದೆ, ನಾನು ಹಿಂದೆ. ತೋಟದ ಬದಿಗೆ ಬಂದಾಗ ಹಿಂದೆ ತಿರುಗದೆ ಕೇಳಿದಳು, "ಎಷ್ಟ ಹಾಳಿ ಬಿಟ್ಟಿ?"

"ಯಾವ ಹಾಳಿ?"

"ಸುಳ್ಳ ಹೇಳಬ್ಯಾಡ. ಹೊತ್ತ ಹೊಂಟಾಗಿಂದ ಮುಳಗೂತನಕಾ ನನ್ನ ಕಣ್ಣ ಕಡ್ಡಿ ಹುಡಕತಾವ. ನಿನ್ನ ಬೆರಳ ಕಾಣೂದಿಲ್ಲೇನ. ಎರಡೆರಡ ಹಾಳಿ ಕೂಡ್ಸಿ ತಿರವತಿದ್ದಿ."

"ಗೊತ್ತಿದ್ರ ಯಾಕ ಸುಮ್ಮನ ಕುಂತಿ?"

"ಕಲತಾಕಿ ಬಿಡತಾಳಂದ್ರ ಬಿಡೂವಂಥಾದ್ದ ಇರಬೇಕ ಅಂತ ಸುಮ್ಮನಾದೆ. ನನಗೇನ ತಿಳೀತೈತಿ." ಸ್ವಲ್ಪ ನಡೆದು ಹೇಳಿದಳು, "ಆ ಪತ್ರ ಬಿಡಬಾರದಿತ್ತ ನೋಡು."

ಅವಳು ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ನನ್ನ ಓದಿನ ಮೇಲೆ ಅವಳಿಗಿದ್ದ ನಂಬಿಕೆಯನ್ನು ಖರ್ಚು ಮಾಡಿ ನಾನು ಅವಳಿಗೆ ಮೋಸ ಮಾಡಿದ್ದೆ. ಅವಳಿಗೆ ಒಳ್ಳೆಯದು ಮಾಡುತ್ತೇನೆ ಎಂದು ಹೊರಟು, ಅವಳಿಗೆ ಸೇರಿದ್ದನ್ನೇ ಅವಳ ಕೈಯಿಂದ ಕಸಿದಿದ್ದೆ.

ಮರುದಿನ ಶೆಡ್ಡಿನಲ್ಲಿ ಎಲ್ಲರೂ ಕೂತ ಮೇಲೆ ನಾನೇ ಹೇಳಿದೆ. "ಪುಸ್ತಕ ಖೊಟ್ಟಿ ಅಲ್ಲರಿ ಮಾವಶಿ. ನಾನ ನಡುನಡುವ ಬಿಟ್ಟ ಓದೀನಿ."

ಒಬ್ಬಳು ನಕ್ಕಳು. "ಕಾಲೇಜಿನ ಬಾಯಾರು ಛಾಟಣಿ ಮಾಡ್ಯಾರ." ನಮ್ಮಲ್ಲಿ ದ್ರಾಕ್ಷಿ ಬಳ್ಳಿಯ ಕೊಂಬೆ ಸವರುವುದಕ್ಕೆ ಛಾಟಣಿ ಎನ್ನುತ್ತಾರೆ. ಇಲ್ಲಿ ಎಲ್ಲರೂ ಅದನ್ನು ಮಾಡಿದವರೇ.

ಮಾವಶಿ ನಗಲಿಲ್ಲ. "ಛಾಟಣಿ ಮಾಡಾಕಿ ಕಣ್ಣ ಎಲ್ಲಿ ಐತಿ ನೋಡಿ ಕತ್ರಿ ಇಡಬೇಕ. ಕಡ್ಡಿ ಅಂತ ತಿಳದ ಕಣ್ಣನ ಕೊಯ್ದ್ರ ಘಡ ಎಲ್ಲಿಂದ ಬರಬೇಕ?" ಬಳ್ಳಿಯಲ್ಲಿ ಘಡ, ಅಂದರೆ ಗೊಂಚಲು, ಒಡೆಯುವ ಗಂಟಿಗೆ ಅವರು ಕಣ್ಣು ಎನ್ನುತ್ತಾರೆ. ಎಂ.ಎ. ತರಗತಿಯಲ್ಲಿ ಎರಡು ವರ್ಷ ಕೂತಿದ್ದೇನೆ. ಬರವಣಿಗೆಯ ಬಗ್ಗೆ ಇಷ್ಟು ಸರಳವಾಗಿ ಯಾರೂ ನನಗೆ ಹೇಳಿರಲಿಲ್ಲ.

"ಈಗ ಏನ ಮಾಡೂದ್ರಿ?" ಎಂದೆ.

"ಮೊದಲಿಂದ ಓದು. ಒಂದೂ ಬಿಡಬ್ಯಾಡ. ಬಿಟ್ರ ನಿಮ್ಮಕ್ಕ ಹೇಳ್ತಾಳ, ಆಕಿ ಕಣ್ಣ ಭಾಳ ತೀಕ್ಷ್ಣ ಅದಾವ."

ಮೊದಲಿನಿಂದ ಓದಿದೆ. ಎರಡು ವಾರ ಹಿಡಿಯಿತು. ಅಧ್ಯಾಯದ ಆರಂಭದ ಪುನರುಕ್ತಿ ಪೂರ್ತಿ, ಟ್ರಂಕು ಪೂರ್ತಿ, ಧಾರೆ ಪೂರ್ತಿ. ಓದುತ್ತ ನಾನು ಪುಸ್ತಕ ನೋಡುವುದು ಕಡಿಮೆ ಮಾಡಿ ಅವರನ್ನು ನೋಡತೊಡಗಿದೆ. ಬೇರೆ ದಾರಿ ಇರಲಿಲ್ಲ, ಮಾತುಗಳು ಬಾಯಿಗೆ ಬಂದುಬಿಟ್ಟಿದ್ದವು.

ಒಬ್ಬಳು ಕೂಸಿಗೆ ಹಾಲು ಕುಡಿಸಲು ಹೊರಗೆ ಹೋಗುತ್ತಾಳೆ. ಅರ್ಧ ತಾಸಿನ ಮೇಲೆ ಬಂದು ಕೂತರೆ, ಪುಸ್ತಕ ಅವಳಿಗೆ ತಾನಾಗಿಯೇ ಹೇಳುತ್ತದೆ: ಅತ್ತೆ ಬಳೆ ಕಸಿದಳು, ಗಂಡ ಸುಮ್ಮನಿದ್ದ. ಅವಳು ಯಾರನ್ನೂ ಕೇಳಬೇಕಿಲ್ಲ, ದಡ್ಡಿ ಅನ್ನಿಸಿಕೊಳ್ಳಬೇಕಿಲ್ಲ. ಟೆಂಪೋ ಬಂದು ಗದ್ದಲವಾದರೆ ಒಂದು ಪುಟ ಹೋಗುತ್ತದೆ, ಮುಂದಿನ ಪುಟದಲ್ಲಿ ಅದೇ ಮತ್ತೆ ಬರುತ್ತದೆ. ಹಳಸಿದ ಮಾತುಗಳು, ನಾನು ತರಗತಿಯಲ್ಲಿ ನಗೆಯಾಡುವ ಮಾತುಗಳು, ಅವರಿಗೆ ಮೈಲುಗಲ್ಲು. ಅಶ್ರುಧಾರೆ ಎಂದರೆ ಅಧ್ಯಾಯ ಮುಗಿಯುತ್ತ ಬಂತು, ನೀರು ಕುಡಿಯಲು ಏಳಬಹುದು. ರದ್ದಿ ಅಂಗಡಿಯ ಆ ಮಡಚಿದ ಮೂಲೆಗಳು ಆಗ ನನಗೆ ತಿಳಿದವು. ಒಳಗೆ ತಮ್ಮವರು ಮಲಗಿರುವಾಗ, ಯಾವ ಕ್ಷಣ ಹೆಸರು ಕೂಗುತ್ತಾರೋ ಎಂದು ಕಿವಿಯನ್ನು ಬಾಗಿಲಿಗೆ ಕೊಟ್ಟು ಕೂತವರಿಗೆ, ಪೂರ್ತಿ ಮನಸ್ಸು ಕೇಳುವ ಪುಸ್ತಕ ಏನು ಮಾಡಬೇಕು? ಅವರ ಹತ್ತಿರ ಕೊಡಲು ಉಳಿದದ್ದು ಅರ್ಧ ಕಿವಿ, ಕಾಲು ಕಣ್ಣು. ಅಷ್ಟನ್ನೇ ತೆಗೆದುಕೊಂಡು ಪೂರ್ತಿ ಕಥೆ ಕೊಡುವವನ ಹತ್ತಿರ ಅವರು ಹೋಗುತ್ತಾರೆ.

ಹಾಗೆಂದು ಆ ಪುಸ್ತಕ ನನಗೆ ಒಳ್ಳೆಯದಾಗಲಿಲ್ಲ. ಇದನ್ನು ಸ್ಪಷ್ಟ ಹೇಳಿಬಿಡುತ್ತೇನೆ. ಅದು ಕೆಟ್ಟ ಬರಹ. ಬರೆದವರಿಗೆ ಅತ್ತೆ ಎಂದರೆ ಏನು, ಬಡತನ ಎಂದರೆ ಏನು ಗೊತ್ತಿಲ್ಲ, ಗೊತ್ತು ಮಾಡಿಕೊಳ್ಳುವ ಆಸೆಯೂ ಇಲ್ಲ. ಒಂದು ಕಣ್ಣೀರಿಗೆ ಬೇರೊಂದು ಶಬ್ದ ಹುಡುಕುವ ಶ್ರಮವನ್ನೂ ಪಟ್ಟಿಲ್ಲ. ಆದರೆ ಕೇಳುವವಳು ಎದ್ದು ಹೋಗುತ್ತಾಳೆ, ಮತ್ತೆ ಬರುತ್ತಾಳೆ ಎಂಬುದು ಮಾತ್ರ ಅವರಿಗೆ ಗೊತ್ತಿತ್ತು. ನಾನು ಪೂಜೆ ಮಾಡುವ ಬರಹಗಾರರಿಗೆ ನನ್ನ ಅಕ್ಕನ ಬದುಕು ಗೊತ್ತಿತ್ತು, ಅವಳ ಬಿಡುವು ಎಷ್ಟೆಂದು ಗೊತ್ತಿರಲಿಲ್ಲ. ಇದು ಅವರ ತಪ್ಪೂ ಅಲ್ಲ. ಯಾರ ತಪ್ಪು ಎಂದು ಹುಡುಕುವ ಕಸುವು ನನ್ನಲ್ಲಿ ಈಗ ಉಳಿದಿಲ್ಲ.

ಎರಡನೆಯ ಸಲ ಹುಡುಗಿ ಪತ್ರ ಒಡೆದಾಗ ಹನ್ನೊಂದು ಜೋಡಿ ಕೈಗಳು ಒಮ್ಮೆಲೆ ನಿಂತವು. ಆ ದಿನಕ್ಕೆ ಅವಳು ಟ್ರಂಕಿನ ಹತ್ತಿರ ಹೋದದ್ದು ಎಷ್ಟನೆಯ ಸಲ ಎಂದು ಅವರಲ್ಲಿ ಒಬ್ಬೊಬ್ಬರಿಗೂ ಗೊತ್ತಿತ್ತು. "ಇಂದು ಬೇಡ, ಇಂದು ಬೇಡ" ಎಂದು ಅವಳು ತಾಳಿದ್ದನ್ನು ಅವರೂ ದಿನ ದಿನ ತಾಳಿದ್ದರು. ನಾನು ಆ ಒಂದು ಸಾಲು ಓದಿದೆ. ಮಾವಶಿ "ಹರೀತ?" ಎಂದು ಕೇಳಲಿಲ್ಲ. ಮದುವೆಯಾಗಿ ಹದಿನೈದು ದಿನಕ್ಕೆ ತೌರಿಗೆ ಓಡಿ ಬಂದು, ಸಂಜೆಯೊಳಗೆ ತಿರುಗಿ ಕಳಿಸಲ್ಪಟ್ಟವಳು ನಮ್ಮ ಮಾವಶಿ, ಖಂಡೇರಾಜುರಿ ಊರಿನ ಮಗಳು. ಅದು ಎಲ್ಲರಿಗೂ ಗೊತ್ತು. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ತುಸು ಹೊತ್ತು ಹಾಗೇ ಹಿಡಿದುಕೊಂಡಳು.

ನನಗೆ ಅಳು ಬರಲಿಲ್ಲ. ಹೊಟ್ಟೆಕಿಚ್ಚು ಬಂತು. ಅಷ್ಟು ಕೆಟ್ಟ ವಾಕ್ಯಕ್ಕೆ ಅಷ್ಟು ದೂರ ಹೋಗಲು ಸಾಧ್ಯವಾಯಿತಲ್ಲ ಎಂದು.

ಆ ಸಂಜೆ ದಾರಿಯಲ್ಲಿ ನಾನು ಕೇಳಿಯೇಬಿಟ್ಟೆ. ಎಷ್ಟೋ ವರ್ಷದಿಂದ ಗಂಟಲಲ್ಲಿ ಇಟ್ಟುಕೊಂಡದ್ದು. "ಅಕ್ಕಾ, ನಾ ಮೊದಲ ಓದಿದ್ನಲ್ಲ, ಆ ಪುಸ್ತಕ. ಶೆಡ್ಡಿನ್ಯಾಗ ಬ್ಯಾಡ. ಮನಿಯಾಗ, ನಿನಗೊಬ್ಬಾಕಿಗೆ ಓದ್ಲೇನ? ದಿನಾ ಒಂದ ಹಾಳಿ. ತಿಳೀಲಿಲ್ಲಂದ್ರ ತಿಳಿಸಿ ಹೇಳ್ತೀನಿ."

"ಬ್ಯಾಡ," ಎಂದಳು.

"ಯಾಕ?"

"ಮನಿಗಿ ಹೋಗಿ ಭಕ್ರಿ ಬಡೀಬೇಕ, ನೀರ ತುಂಬಬೇಕ. ಆಮ್ಯಾಲ ಕುಂತ್ನೆಂದ್ರ ನನಗ ಏನೂ ಕೇಳಸೂದಿಲ್ಲ. ನೀ ಓದತಿ, ನಾ ಹೂಂ ಹೂಂ ಅಂತೀನಿ. ನಿನಗ ಅದು ಗೊತ್ತಾಗ್ತೈತಿ, ನಿನ್ನ ಮಾರಿ ಸಣ್ಣದ ಆಗ್ತೈತಿ. ಯಾಕ ಬೇಕ."

"ನೀ ನನ್ನ ಸಲವಾಗಿ ಶಾಲಿ ಬಿಟ್ಟಿ. ಅದ್ರಾಗ ನಿನಗೂ ಏನರೆ ಸಿಗಬೇಕಲ್ಲ."

ಅವಳು ನಿಂತಳು. ಮೊದಲ ಸಲ ಹಿಂದೆ ತಿರುಗಿ ನನ್ನ ಮುಖ ನೋಡಿದಳು. ಸಿಟ್ಟಿರಲಿಲ್ಲ. ಹಟ ಹಿಡಿದ ಮಗುವಿಗೆ ಹೇಳಿದ್ದನ್ನೇ ಮತ್ತೆ ಹೇಳಬೇಕಾದ ಬೇಸರ ಇತ್ತು.

"ಹುಚ್ಚಿ," ಎಂದಳು. "ಅದು ನಿನಗ ಸೇರ್ಲಿ ಅಂತ ನಾ ಶಾಲಿ ಬಿಟ್ಟೆ. ನನಗ ಸೇರ್ಲಿ ಅಂತ ಬಿಡಲಿಲ್ಲ. ನಿನಗ ಸೇರೈತಿಲ್ಲೋ?"

"ಸೇರೈತಿ."

"ಅಷ್ಟ. ಮುಗೀತಲ್ಲ." ಅವಳು ಮುಂದೆ ನಡೆದಳು. "ಹೊತ್ತಿಗೊಮ್ಮೆ ಅದನ್ನ ತಂದ ನನ್ನ ಮುಂದ ಇಡಬ್ಯಾಡ. ನನಗೇನ ಕಡಿಮಿ ಬಿದ್ದಂಗ ಮಾಡ್ತಿ."

ಇಷ್ಟು ವರ್ಷ ನಾನು ಹೊತ್ತು ತಿರುಗಿದ ಋಣವನ್ನು ತನ್ನ ಮುಂದೆ ಇಳಿಸು ಎಂದು ಅವಳು ಯಾವತ್ತೂ ಅಂದಿರಲಿಲ್ಲ. ಇಳಿಸಲು ಅವಳ ಅಂಗಳವೇ ಬೇಕೆಂದು ಹಟ ಹಿಡಿದವಳು ನಾನು. ಅವಳ ಲೆಕ್ಕ ಎಂದೋ ಮುಗಿದಿತ್ತು, ನಾನು ಬಿ.ಎ. ಪಾಸಾದ ದಿನವೋ, ಅದಕ್ಕೂ ಮೊದಲೋ. ಹಗುರಾಯಿತು ಎಂದು ಹೇಳಲಾರೆ. ಕಾಲುಗಳಲ್ಲಿ ದಿನವಿಡೀ ಕೂತ ಜೋಮು ಇತ್ತು, ಗಂಟಲು ಒಣಗಿತ್ತು, ನಾಳೆ ಮತ್ತೆ ಓದಬೇಕಿತ್ತು.

"ಲಗೂನ ಬಾ," ಎಂದಳು ಅಕ್ಕ ಮುಂದಿನಿಂದ, "ಗಿರಣಿ ಬಂದ್ ಮಾಡ್ತಾನ, ಜ್ವಾಳ ಬೀಸಾಕ ಕೊಟ್ಟೇನಿ."

ನಾನು ಹೆಜ್ಜೆ ಬೀಸಿದೆ.